ಕಾರ್ಡಿನಲ್ಲಿ ಒಂದೇ ಹೆಸರು

ಜನರಲ್ ಸಾಂಟೋಸ್
ಭಾನುವಾರ, 9 ಡಿಸೆಂಬರ್ 2018

ಕ್ರಿಸಾಂತೋ ಅವರಿಗೆ,

ಫ್ಲೋರ್ದೆಲಿಸಾ ಬರೆಯುತ್ತಿದ್ದೇನೆ. ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುವುದಿಲ್ಲ. ಅದು ಪ್ರತಿ ವಾರ ಆಸ್ಪತ್ರೆಯ ಕೌಂಟರಿನ ಚೀಟಿಯಲ್ಲಿ ನನಗೆ ತಿಳಿಯುತ್ತದೆ. ಅಮ್ಮ ಮತ್ತು ನಾನು ಚೆನ್ನಾಗಿದ್ದೇವೆ.

ಕಳೆದ ವಾರ ರೊವೆನಾಳ ಕೈಯಲ್ಲಿ ನೀವು ಒಂದು ಪ್ರಶ್ನೆ ಕಳಿಸಿದಿರಿ. "ಅವಳು ಯಾಕೆ ಸಹಿ ಹಾಕಿದಳು ಅಂತ ಕೇಳು" ಎಂದಿರಂತೆ. ಒಂಬತ್ತು ವರ್ಷದಲ್ಲಿ ನೀವು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಬಾಯಲ್ಲಿ ಹೇಳಿ ಕಳಿಸಿದರೆ ದಾರಿಯಲ್ಲಿ ಅರ್ಧ ಉದುರಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗಸ್ಟ್ ಎರಡನೇ ವಾರ ರೊವೆನಾ ನಮ್ಮ ಮೀನಿನ ಡಬ್ಬಿ ಕಾರ್ಖಾನೆಯ ಗೇಟಿಗೆ ಬಂದಳು. ಬೆಳಗಿನ ಪಾಳಿ ಬಿಟ್ಟಿತ್ತು. ಮುನ್ನೂರು ಹೆಂಗಸರು ಒಂದೇ ಬಣ್ಣದ ಟೋಪಿ ತೆಗೆದು ಹೊರಗೆ ಬರುವಾಗ ಅವಳು ನನ್ನನ್ನು ಗುರುತು ಹಿಡಿದದ್ದು ಹೇಗೋ ಗೊತ್ತಿಲ್ಲ. ನಾನಂತೂ ಅವಳನ್ನು ಗುರುತು ಹಿಡಿದೆ. ನೀವು ಮೂರು ವಾರಕ್ಕೆಂದು ಟ್ಯೂನಾ ಹಿಡಿಯಲು ಸಮುದ್ರಕ್ಕೆ ಹೋಗಿ, ದಡಕ್ಕೆ ಬಂದವರು ನೇರ ಅವಳ ಕಾಫಿ ಅಂಗಡಿಯ ಹಿಂದಿನ ಕೋಣೆಗೆ ಹೋದಿರಲ್ಲ, ಆ ವಾರವೇ ನಾನು ಬಂದರಿಗೆ ಹೋಗಿ ದೂರ ನಿಂತು ಅವಳನ್ನು ನೋಡಿ ಬಂದಿದ್ದೆ. ಆಗ ತುಂಬಿಕೊಂಡಿದ್ದಳು. ಈಗ ಕೊರಳ ಮೂಳೆ ಕಾಣುತ್ತಿತ್ತು.

"ಅಕ್ಕಾ, ಬೈಯೋದಿದ್ರೆ ಮೊದಲು ಬೈದುಬಿಡಿ. ಆಮೇಲೆ ನಾನು ಬಂದ ಕೆಲಸ ಹೇಳ್ತೀನಿ" ಅಂದಳು.

"ನಾನು ಬೆಳಗ್ಗೆ ಐದರಿಂದ ನಿಂತಿದೀನಿ, ಬೈಯೋಕೆ ತ್ರಾಣ ಇಲ್ಲ. ಹೇಳು" ಅಂದೆ.

ಅವಳು ಹೇಳಿದಳು. ನಿಮ್ಮ ಎರಡೂ ಮೂತ್ರಪಿಂಡ ಕೆಟ್ಟಿವೆ. ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಸಬೇಕು. ಸರ್ಕಾರದ ವಿಮೆ ವರ್ಷಕ್ಕೆ ತೊಂಬತ್ತು ಸಲಕ್ಕೆ ಕೊಡುತ್ತದೆ. ಜನವರಿಯಲ್ಲಿ ಶುರುವಾದದ್ದು ಜುಲೈ ಕೊನೆಗೆ ಮುಗಿಯಿತು. ಇನ್ನು ಡಿಸೆಂಬರ್ ತನಕ ಕೈಯಿಂದಲೇ ಹಾಕಬೇಕು. ಒಂದು ಸಲಕ್ಕೆ ನನ್ನ ಎಂಟೊಂಬತ್ತು ದಿನದ ಕೂಲಿ. ಸಹಾಯಪತ್ರಕ್ಕಾಗಿ ಅವಳು ಸಂಸದರ ಕಚೇರಿಯ ಸಾಲಿನಲ್ಲಿ ನಿಂತಿದ್ದಳು, ದತ್ತಿ ಕಚೇರಿಯ ಸಾಲಿನಲ್ಲೂ ನಿಂತಿದ್ದಳು. ಒಂದು ಕಡೆ ಎರಡು ಸಲಕ್ಕಾಗುವಷ್ಟು ಕೊಟ್ಟರು, ಇನ್ನೊಂದು ಕಡೆ ಮುಂದಿನ ತಿಂಗಳು ಬಾ ಎಂದರು. ನೀವು ವಾರಕ್ಕೆ ಒಂದೇ ಸಲಕ್ಕೆ ಇಳಿಸಿದ್ದಿರಿ. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಬಾಯಾರಿದರೆ ನೀರು ಕುಡಿಯುವಂತಿಲ್ಲವೆಂದು ಐಸಿನ ಚೂರು ಚೀಪುತ್ತಾ ಕೂತಿರುತ್ತೀರಿ ಎಂದಳು.

"ನಿಮ್ಮ ಕಂಪನಿ ಕೊಡೋ ಆಸ್ಪತ್ರೆ ಕಾರ್ಡಲ್ಲಿ ಗಂಡನ ಹೆಸರು ಹಾಕ್ಬಹುದಂತೆ. ನನ್ನ ಕೈಲಿ ಯಾವ ಕಾಗದಾನೂ ಇಲ್ಲ ಅಕ್ಕಾ. ಕಾಗದದಲ್ಲಿ ಅವರು ಇವತ್ತಿಗೂ ನಿಮ್ಮ ಗಂಡನೇ."

ಈ ದೇಶದ ಕಾನೂನಿನಲ್ಲಿ ವಿಚ್ಛೇದನ ಇಲ್ಲದ್ದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಅವತ್ತು ಆಗುವುದಿಲ್ಲ ಎಂದು ಹೇಳಿ ಜೀಪ್ನಿ ಹತ್ತಿದೆ. ಕೋಪದಿಂದಲ್ಲ. ಕಾರ್ಡಿನಲ್ಲಿ ಒಬ್ಬ ಕೆಲಸಗಾರ್ತಿಗೆ ಒಬ್ಬರನ್ನು ಮಾತ್ರ ಸೇರಿಸಲು ಬಿಡುತ್ತಾರೆ. ಮದುವೆಯಾಗಿದ್ದರೆ ಗಂಡ, ಆಗದಿದ್ದರೆ ತಂದೆ ಅಥವಾ ತಾಯಿ. ಎಂಟು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ನಾನು ಅರ್ಜಿಯಲ್ಲಿ ಅವಿವಾಹಿತೆ ಎಂದು ಗುರುತು ಹಾಕಿ ಅಮ್ಮನ ಹೆಸರು ಬರೆದಿದ್ದೆ. ಅದು ಸುಳ್ಳು. ಆದರೆ ಆ ಸುಳ್ಳಿನಿಂದಲೇ ಹೋದ ವರ್ಷ ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದು. ಎಡಗಣ್ಣಿಗೆ ಸೆಪ್ಟೆಂಬರ್ ನಾಲ್ಕನೇ ತಾರೀಖು ನಿಗದಿಯಾಗಿತ್ತು. ನಿಮ್ಮ ಹೆಸರು ಬಂದರೆ ಅಮ್ಮನ ಹೆಸರು ಹೋಗಬೇಕು.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅವನು ಸತ್ರೆ ನಿನಗೇನು?" ಅಂದಳು.

"ಏನಿಲ್ಲ."

"ಬದುಕಿದ್ರೆ?"

"ಆಗ್ಲೂ ಏನಿಲ್ಲ."

"ಮತ್ಯಾಕೆ ನನ್ನ ಊಟ ಕೆಡಿಸ್ತಿದೀಯ?"

"ಸಹಿ ನನ್ನ ಕೈಲಿದೆಯಲ್ಲಮ್ಮ. ಹಾಕದೇ ಇದ್ರೆ ಅದೂ ನಾನೇ ಮಾಡಿದ ಹಾಗಾಗುತ್ತೆ."

ಅಮ್ಮ ತಟ್ಟೆ ತೊಳೆದು ಬಂದಳು. ಆಮೇಲೆ, "ಹಾಕು. ಆ ಮುಖ ನೋಡೋಕೆ ಒಂದು ಕಣ್ಣೇ ಜಾಸ್ತಿ" ಅಂದು ಎದ್ದು ಹೋದಳು.

ಮಾರನೆಯ ದಿನ ಮದುವೆಯ ಪ್ರಮಾಣಪತ್ರ ಹಿಡಿದುಕೊಂಡು ಸಿಬ್ಬಂದಿ ವಿಭಾಗಕ್ಕೆ ಹೋದೆ. ಅಲ್ಲಿ ಅಗ್ರಿಪಿನಾ ಮೇಡಂ ಅಂತ ಇದ್ದಾರೆ, ಕನ್ನಡಕವನ್ನು ಮೂಗಿನ ತುದಿಯಲ್ಲಿಟ್ಟುಕೊಂಡೇ ಎಲ್ಲರನ್ನೂ ನೋಡುವವರು.

"ಎಂಟು ವರ್ಷದಿಂದ ಮದುವೆ ಆಗಿಲ್ಲ ಅಂದ್ರಿ. ಈಗ ಗಂಡ ಎಲ್ಲಿಂದ ಬಂದ?"

"ಮೊದಲಿಂದ್ಲೂ ಇದ್ದ ಮೇಡಂ. ಮನೇಲಿ ಇರಲಿಲ್ಲ, ಅಷ್ಟೆ."

ಅವರು ನಗಲಿಲ್ಲ. ಸುಳ್ಳು ಮಾಹಿತಿ ಕೊಟ್ಟರೆ ಕೆಲಸದಿಂದ ತೆಗೆಯಬಹುದು ಎಂಬ ನಿಯಮವನ್ನು ನನ್ನ ಕೈಲೇ ಗಟ್ಟಿಯಾಗಿ ಓದಿಸಿದರು. ಕೊನೆಗೆ ಎಚ್ಚರಿಕೆಯ ಪತ್ರ ಕೊಟ್ಟು, ಐದು ದಿನ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಬಾಗಿಲವರೆಗೆ ಹೋದ ಮೇಲೆ ಕರೆದು ಇನ್ನೊಂದು ಮಾತು ಹೇಳಿದರು: "ನೋಡಮ್ಮ, ಕಾರ್ಡಿನೋರು ಮನೆಗೆ ವಿಚಾರಣೆಗೆ ಬರ್ತಾರೆ. ಗಂಡ ಹೆಂಡ್ತಿ ಒಂದೇ ಮನೇಲಿ ಇರ್ಬೇಕು. ನಾನೇನೂ ಹೇಳಿಲ್ಲ."

ಇದು ನಿಮಗೆ ರೊವೆನಾ ಹೇಳಿರಲಾರಳು. ವಿಚಾರಣೆಯ ದಿನ ಅವಳು ನಿಮ್ಮ ಬಟ್ಟೆಗಳನ್ನು ಒಂದು ಚೀಲದಲ್ಲಿ ತುಂಬಿ ತಂದಿದ್ದಳು. ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸಿಹಿ. ನಾನು ಅಂಗಿಗಳನ್ನು ನೇತುಹಾಕಿದೆ. ಅವಳು ಗಡ್ಡದ ಬ್ಲೇಡನ್ನು ನೀರಿನ ತೊಟ್ಟಿಯ ಮೇಲಿಟ್ಟಳು. ಅಲ್ಲಲ್ಲ, ಅವರು ಕಿಟಕಿ ಹತ್ತಿರ ಇಡೋದು ಅಂತ ತಾನೇ ತೆಗೆದು ಅಲ್ಲಿಟ್ಟಳು. ನನ್ನ ಕಾಲದಲ್ಲಿ ನೀವು ತೊಟ್ಟಿಯ ಮೇಲೆಯೇ ಇಡುತ್ತಿದ್ದಿರಿ.

ಬಂದವರು ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಬೆವರೊರೆಸಿಕೊಳ್ಳುತ್ತಾ ಮಂಚ, ಬಟ್ಟೆ, ಚಪ್ಪಲಿ ಎಲ್ಲ ನೋಡಿ ಅಮ್ಮನ ಮುಂದೆ ಕೂತರು. ನಿಮ್ಮ ಹೆಸರನ್ನು ಈ ಮನೆಯಲ್ಲಿ ಎತ್ತಬಾರದೆಂದು ಶಿಲುಬೆ ಮುಟ್ಟಿ ಆಣೆ ಹಾಕಿದವಳು ಅಮ್ಮ.

"ಅಜ್ಜಿ, ಅಳಿಯ ಎಲ್ಲಿ?"

"ರಕ್ತ ತೊಳ್ಸೋಕೆ ಹೋಗಿದಾನೆ ಕಣಪ್ಪ. ಬಂದ್ರೆ ಮಲಗೋದೇ. ಅವನ ಗೊರಕೆಗೆ ಪಕ್ಕದ ಮನೆ ಕೋಳಿ ಮೊಟ್ಟೆ ಇಡೋದು ಬಿಟ್ಟಿದೆ."

"ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ?"

"ಅಯ್ಯೋ, ಬಂಗಾರದಂಥ ಅಳಿಯ! ಒಂದು ದಿನ ನನ್ನ ಬಿಟ್ಟು ಊಟ ಮಾಡಿದ್ದಿಲ್ಲ. ನನ್ನ ಮಗಳು ಕೂಗಾಡ್ತಾಳೆ, ಅವನು ಎದುರು ಒಂದು ಮಾತಾಡಲ್ಲ. ಇಂಥ ಗಂಡನ್ನ ಪಡೆಯೋಕೆ ಇವಳು ಪುಣ್ಯ ಮಾಡಿದ್ಲು."

ಆ ಮನುಷ್ಯ ಬರೆದುಕೊಂಡರು. ಆಗಲೇ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ರೊವೆನಾ ಅವರ ಕಣ್ಣಿಗೆ ಬಿದ್ದಳು. ಇವರ್ಯಾರು ಎಂದರು. ರೊವೆನಾ ಕೈಯಲ್ಲಿದ್ದ ಲೋಟವನ್ನು ಎದೆಗೊತ್ತಿಕೊಂಡಳು.

"ಅವಳಾ? ನನ್ನ ಚಿಕ್ಕ ಮಗಳು" ಅಂದಳು ಅಮ್ಮ. "ಏ, ಹಾಗೆ ನಿಂತಿದೀಯಲ್ಲೇ, ಬಂದೋರಿಗೆ ಸಿಹಿ ತಂದುಕೊಡು."

ಅವರು ಎರಡು ತುಂಡು ತಿಂದು ಹೋದರು. ರೊವೆನಾ ಒಳಗೆ ಹೋಗಿ ಅತ್ತಳು. ಅಮ್ಮ ಹೊರಗಿಂದಲೇ ಕೂಗಿದಳು: "ಅತ್ತದ್ದು ಸಾಕು, ಆ ಅಂಗಿಗಳನ್ನೆಲ್ಲಾ ಚೀಲಕ್ಕೆ ತುಂಬು. ಬಂಗಾರದ ಅಳಿಯನ ವಾಸನೆ ನನ್ನ ಮನೇಲಿ ಬೇಡ."

ಆಗಸ್ಟ್ ಕೊನೆಯ ವಾರ ಕಾರ್ಡು ಬಂತು. ಮತ್ತೆ ವಾರಕ್ಕೆ ಮೂರು ಸಲ ಶುರುವಾಯಿತು. ಪ್ರತಿ ವಾರ ಒಪ್ಪಿಗೆ ಚೀಟಿಗೆ ಕಾರ್ಡಿನವಳೇ ಬಂದು ಸಹಿ ಹಾಕಬೇಕು ಎಂದರು, ಹಾಗಾಗಿ ಶನಿವಾರ ಶನಿವಾರ ಆಸ್ಪತ್ರೆಯ ಕೆಳಗಿನ ಕೌಂಟರಿಗೆ ಬಂದು ಹೋಗುತ್ತಿದ್ದೇನೆ. ಮೇಲೆ ಬರಲಿಲ್ಲ. ಬರಲಿಲ್ಲ ಎಂದರೆ, ಒಂದು ಸಲ ಬಂದೆ. ಅಕ್ಟೋಬರಿನಲ್ಲಿ. ಗಾಜಿನ ಬಾಗಿಲಿನಿಂದ ನೋಡಿದೆ. ನೀವು ಹೊದ್ದು ಮಲಗಿದ್ದಿರಿ, ಬಾಯಿ ತೆರೆದಿತ್ತು. ರೊವೆನಾ ನಿಮ್ಮ ಪಾದ ಒತ್ತುತ್ತಿದ್ದಳು. ತಲೆ ಇಷ್ಟು ಬೆಳ್ಳಗಾಗಿದೆಯೆಂದು ನನಗೆ ತಿಳಿದಿರಲಿಲ್ಲ. ನರ್ಸು ಬಂದು ನೀವ್ಯಾರು ಎಂದು ಕೇಳಿದಳು. ಹೆಂಡತಿ ಅಂದೆ.

"ಹೆಂಡ್ತಿ ಒಳಗಿದಾರಲ್ಲ?" ಅಂದಳು.

"ಹೌದು. ಅವಳು ಹೆಂಡ್ತಿ. ನಾನು ಕಾರ್ಡು" ಅಂದೆ.

ಆ ನರ್ಸು ಚಿಕ್ಕವಳು, ನಗಬೇಕೋ ಬೇಡವೋ ತಿಳಿಯದೆ ಕುರ್ಚಿ ತಂದುಕೊಟ್ಟಳು. ನಾನು ಕೂರಲಿಲ್ಲ.

ಅಮ್ಮನ ಎಡಗಣ್ಣಿನ ತಾರೀಖು ರದ್ದಾಯಿತು. ಸರ್ಕಾರಿ ಆಸ್ಪತ್ರೆಯ ಉಚಿತ ಪಟ್ಟಿಯಲ್ಲಿ ಹೆಸರು ಬರೆಸಿದ್ದೇವೆ, ಮಾರ್ಚಿನಲ್ಲಿ ಆಗಬಹುದಂತೆ. ಅಷ್ಟರವರೆಗೆ ಸೂಜಿಗೆ ದಾರ ನಾನು ಪೋಣಿಸಿ ಕೊಡುತ್ತೇನೆ. ಅಮ್ಮ ದೂರುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಮಾತ್ರ ನಿಮ್ಮನ್ನು ಬೈಯುತ್ತಾಳೆ. ಇದನ್ನು ನಿಮಗೆ ಹೇಳಬಾರದೆಂದು ರೊವೆನಾಳಿಗೆ ಹೇಳಿದ್ದೆ. ಈಗ ನಾನೇ ಹೇಳುತ್ತಿದ್ದೇನೆ, ಏಕೆಂದರೆ ನೀವು ಕೇಳಿದ ಪ್ರಶ್ನೆಯಲ್ಲಿ ಇದೂ ಸೇರಿದೆ.

ಯಾಕೆ ಎಂಬುದಕ್ಕೆ ಅಮ್ಮನಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಹಳೆಯ ಪ್ರೀತಿ ಎಂದೂ ತಿಳಿಯಬೇಡಿ. ನಾನು ದಿನಕ್ಕೆ ಸಾವಿರಾರು ಡಬ್ಬಿ ಮುಂದೆ ಹೋಗುವುದನ್ನು ನೋಡುವವಳು. ಒಂದು ಡಬ್ಬಿ ಓರೆಯಾಗಿ ನಿಂತರೆ ಯಾರ ಡಬ್ಬಿ ಎಂದು ಕೇಳದೆ ಕೈ ತಾನೇ ಹೋಗಿ ನೆಟ್ಟಗೆ ಮಾಡುತ್ತದೆ. ಅಷ್ಟೇ ಎಂದುಕೊಳ್ಳಿ.

ಜನವರಿಯಿಂದ ಸರ್ಕಾರದ ತೊಂಬತ್ತು ಮತ್ತೆ ಸಿಗುತ್ತದೆ. ಅದು ಜುಲೈಗೆ ಮುಗಿದ ಮೇಲೆ ಕಾರ್ಡು ಬೇಕಾಗುತ್ತದೆ. ಮುಂದಿನ ವರ್ಷದ ಫಾರಂ ಈ ಶುಕ್ರವಾರ ಬಂತು. ನಿಮ್ಮ ಹೆಸರು ಬರೆದು ಕೊಟ್ಟಿದ್ದೇನೆ. ಉಪ್ಪು ಮೀನು ತಿನ್ನಬೇಡಿ. ಕದ್ದು ತಿನ್ನುತ್ತೀರೆಂದು ಚೀಟಿಯಲ್ಲಿ ಗೊತ್ತಾಗುತ್ತದೆ.

ಇಂತಿ,
ಕಾಗದದಲ್ಲಿ ಈಗಲೂ ನಿಮ್ಮ ಹೆಂಡತಿ,
ಫ್ಲೋರ್ದೆಲಿಸಾ

ಮರೆತ ಮಾತು: ಜನವರಿಯ ಕೊನೆಗೆ ನಿಮಗೆ ಕೋರ್ಟಿನಿಂದ ಒಂದು ಕಾಗದ ಬರುತ್ತದೆ, ಗಾಬರಿಯಾಗಬೇಡಿ. ನಮ್ಮ ಮದುವೆಯನ್ನು ರದ್ದು ಮಾಡಬೇಕೆಂದು ನಾನು ಹಾಕಿದ ಅರ್ಜಿ ಅದು. ಎಪಿಫಾನಿಯೋ ಅಂತ ಒಬ್ಬರಿದ್ದಾರೆ, ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾರೆ. ಅವರು ನಾಲ್ಕು ವರ್ಷದಿಂದ ಮದುವೆಯಾಗೋಣ ಎಂದು ಕೇಳುತ್ತಿದ್ದಾರೆ. ಕಾರ್ಡಿನ ವಿಷಯ ಹೇಳಿದಾಗ ಮೂರು ದಿನ ಮಾತು ಬಿಟ್ಟರು, ನಾಲ್ಕನೇ ದಿನ ಬಂದು ಎಷ್ಟು ವರ್ಷ ಕಾಯಬೇಕು ಅಂದರು. ರೊವೆನಾಳಿಗೆ ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸಕ್ಕೆ ಹೇಳಿದ್ದೇನೆ, ಜನವರಿ ಏಳಕ್ಕೆ ಸೇರಬೇಕು. ಅವಳಿನ್ನೂ ನಿಮಗೆ ಹೇಳಿಲ್ಲದಿರಬಹುದು. ಕಾಯಂ ಆಗಲು ಎರಡು ವರ್ಷ ಹಿಡಿಯುತ್ತದೆ, ಆಮೇಲೆ ಅವಳಿಗೂ ಕಾರ್ಡು ಬರುತ್ತದೆ. ಅವಳನ್ನು ಮದುವೆಯಾಗಿ ಅದರಲ್ಲಿ ನಿಮ್ಮ ಹೆಸರು ಬರೆಸಿಕೊಳ್ಳಿ. ಅವಳಿಗೆ ಕಾರ್ಡು ಸಿಗುವ ಮುಂಚೆ ತೀರ್ಪು ಬರಬಾರದು, ಬಂದರೆ ನನ್ನ ಕಾರ್ಡಿನಿಂದ ನಿಮ್ಮ ಹೆಸರು ಹೋಗುತ್ತದೆ. ಬೇಗ ಮುಗಿಸಿಕೊಡಲೇ ಎಂದು ವಕೀಲರು ಕೇಳಿದರು. ಅವಸರವಿಲ್ಲ ಎಂದು ಹೇಳಿ ಬಂದಿದ್ದೇನೆ.