ಅರ್ಧ ಹೆಲ್ಮೆಟ್

ಜಹೀರಾಬಾದ್, 2012

ದೂರು ವಿಭಾಗದ ಪ್ರೇಮಲಾ ಮೇಡಂ ಅವರಿಗೆ,

"ಅದು ನಮ್ಮ ಮಾಲೇ ಅಲ್ರಿ, ಎರಡೂ ಹೋಳು ಕಳಸ್ರಿ, ನೋಡೋಣ" ಎಂದು ಫೋನಿನಲ್ಲಿ ಹೇಳಿದ್ದಿರಿ.

ನಿಮ್ಮ ಆನ್‌ಲೈನ್ ಅಂಗಡಿಯಿಂದ ತರಿಸಿದ ಹೆಲ್ಮೆಟ್ ತೆಲಂಗಾಣ ಬಂದ್ ದಿನ ಮೊದಲ ಲಾಠಿಗೇ ಎರಡು ಹೋಳಾಯಿತು. ಎರಡನೆಯ ಏಟು ಅದನ್ನು ಹಾಕಿದ್ದ ನನ್ನ ತಮ್ಮನ ತಲೆಬುರುಡೆಗೇ ಬಿತ್ತು. ಹದಿನೆಂಟು ಹೊಲಿಗೆ ಹಾಕಿದ ಮೇಲೆ ಕಣ್ಣು ತೆರೆದವನು, "ಅಣ್ಣಾ, ಅಸಲಿ ಮಾಲಂತೂ ಬರ್ಲಿಲ್ಲ, ಅಸಲಾದ್ರೂ ವಾಪಸ್ ತಗೋ" ಎಂದ.

ಒಂದು ಹೋಳನ್ನು ರಕ್ತ ತೊಳೆದು ಇಟ್ಟಿದ್ದೇನೆ. ಇನ್ನೊಂದು ಠಾಣೆಯಲ್ಲಿದೆ. ಅದು ಕಲ್ಲು ತೂರಿದವನದೆಂದು, ಅದಕ್ಕೆ ಹೊಂದುವ ತಲೆಯನ್ನು ಪೊಲೀಸರು ಹುಡುಕುತ್ತಿದ್ದಾರೆ. ಅದರ ಮೇಲಿನ ನಂಬರು ಹಿಡಿದು, ಯಾರಿಗೆ ಮಾರಿದಿರಿ ಎಂದು ನಿಮ್ಮನ್ನೂ ಕೇಳಬಹುದು.

ಹಾಗಾಗಿ ಹಣ ಬೇಡ. ಅವರು ಕೇಳಿದರೆ, ನನಗೆ ಹೇಳಿದ್ದನ್ನೇ ದಯವಿಟ್ಟು ಅವರಿಗೂ ಹೇಳಿ: "ಅದು ನಮ್ಮ ಮಾಲೇ ಅಲ್ರಿ."

ಇತಿ,
ನಿಮ್ಮ ಅಸಲಿ ಗಿರಾಕಿ
(ಹೆಸರು ಬಿಲ್ಲಿನಲ್ಲಿದೆ, ಅಲ್ಲೇ ಇರಲಿ.)