ಚೌಡವ್ವನ ಕೈಗೆ ಸಿಗದ ಹೂ

ಹಿರೇಬೆಂಡಿಗೇರಿ
೮ ಡಿಸೆಂಬರ್ ೨೦೨೪

ತಂಗಿ ವಿದ್ಯಾಗೆ,

ನಿನ್ನ ಅಕ್ಕ ಹೇಮಾಳ ತುಂಬು ಮನಸ್ಸಿನ ಆಶೀರ್ವಾದ. ನಾವಿಲ್ಲಿ ಚೆನ್ನಾಗಿದ್ದೇವೆ. ಹಿರೇಕೆರೂರಿನಲ್ಲಿ ನೀವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕೇಳಿ ತಿಳಿಯೋಣವೆಂದರೆ ನೀನು ಫೋನ್ ಎತ್ತುವುದಿಲ್ಲ. ಪತ್ರ ತಡವಾಯಿತೆಂದು ಬೈಯಬೇಡ. ಬೀಜ ಕೈಗೆ ಬರುವವರೆಗೆ ಬರೆಯಬಾರದೆಂದು ಹಟ ಹಿಡಿದಿದ್ದೆ. ನಮ್ಮ ಮನೆತನದ ಹಟ ನಿನಗೆ ಗೊತ್ತಿಲ್ಲದ್ದೇನಲ್ಲ.

ಹೋದ ವರ್ಷದ ದೀಪಾವಳಿಗೆ ನೀನು ಫೋನಿನಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಅವ್ವನ ಗುರುತಿಗೆ ಅಂತ ಒಂದು ಚೆಂಡುಹೂವಿನ ಬೀಜ ಕೇಳಿದ್ನಿ. ಅದನ್ನೂ ಕಲಬೆರಕಿ ಮಾಡಿ ಕಳಿಸೀದಿ. ಅವ್ವನ್ನ ಪೂರ್ತಿ ನೀನ ಇಟ್ಕೊಂಡಿ," ಅಂದೆ. ಆಮೇಲೆ ಮಾತೇ ಇಲ್ಲ.

ಅವ್ವ ಇದ್ದಾಗ ಹಿತ್ತಲಲ್ಲಿ ಬೆಳೆಸುತ್ತಿದ್ದ ಇಟ್ಟಂಗಿ ಬಣ್ಣದ ಹೂ ನಿನ್ನ ಅಂಗಳದಲ್ಲಿ ಹಳದಿಯಾಗಿ ಅರಳಿತು, ನಿಜ. ಆದರೆ ಮೋಸ ಮಾಡಿದ್ದು ನಾನಲ್ಲ. ನಮ್ಮ ಬೇಲಿಯಾಚೆ ಮಂಜಪ್ಪ ಪೇಟೆಗೆಂದು ಹಳದಿ ಚೆಂಡುಹೂ ಬೆಳೆಯುತ್ತಾನೆ. ಅಲ್ಲಿ ಕೂತ ಜೇನುಹುಳ ಇಲ್ಲಿಗೂ ಬರುತ್ತದೆ, ಬೀಜ ಬೆರೆಯುತ್ತದೆ. ಅವನಿಗೆ ಹೇಳಲು ಹೋದರೆ, "ಹುಳಕ್ಕ ನಾ ಬೇಲಿ ಹಾಕ್ಲೇನ ಯಕ್ಕಾ?" ಎಂದು ನಕ್ಕ. ಈ ವರ್ಷ ನನ್ನ ಹಿತ್ತಲಲ್ಲೂ ಹಳದಿಯೇ ತುಂಬಿತು. ಅವ್ವನ ಬಣ್ಣದ ಗಿಡ ಎರಡೇ ಉಳಿದವು. ಅವೂ ಕೆಟ್ಟರೆ ಆ ಹೂ ಇನ್ನೆಲ್ಲೂ ಇಲ್ಲ.

ಹುಳಕ್ಕೆ ಬೇಲಿ ಹಾಕಲಾಗದಿದ್ದರೆ ಹೂವಿಗೆ ಹಾಕಿದರಾಯಿತು ಎಂದುಕೊಂಡೆ. ಅವ್ವನ ಹಳೆಯ ತೆಳು ಸೀರೆ ಹರಿದು ಸಣ್ಣ ಚೀಲ ಹೊಲಿದೆ. ಮೊಗ್ಗು ಬಿರಿಯುವ ಮೊದಲೇ ಮುಸುಕು ಹಾಕಿ ದಾರ ಕಟ್ಟಿದೆ. ಅರಳಿದ ಮೇಲೆ ಬೆಳಿಗ್ಗೆ ಚೀಲ ಬಿಚ್ಚಿ, ಒಂದು ಗಿಡದ ಹೂವನ್ನು ಇನ್ನೊಂದರ ಹೂವಿಗೆ ಮೆಲ್ಲಗೆ ಉಜ್ಜಿ, ಹುಳ ಬರುವ ಮೊದಲೇ ಮತ್ತೆ ಕಟ್ಟುತ್ತಿದ್ದೆ. "ಹೇಮಕ್ಕ ಹೂವಿಗೂ ಮಾಸ್ಕ್ ಹಾಕ್ಯಾಳ" ಎಂದು ಓಣಿಯೆಲ್ಲ ನಕ್ಕಿತು. ನಗಲಿ ಬಿಡು.

ಹೂ ಬಾಡಿ ಬೀಜ ಬಲಿಯುವ ಹೊತ್ತಿಗೆ ನಾದಿನಿಯ ಹೆರಿಗೆಗೆಂದು ಹಾನಗಲ್ಲಿಗೆ ಹೋಗಬೇಕಾಯಿತು. ಗಿಡದ ಬುಡಕ್ಕೆ ನೀರು ಹಾಕಲು ಪಕ್ಕದ ಮನೆಯ ಚೌಡವ್ವಜ್ಜಿಗೆ ಹೇಳಿ ಹೋದೆ. ವಾರ ಕಳೆದು ಬಂದು ನೋಡುತ್ತೇನೆ, ಚೀಲಗಳೆಲ್ಲ ಅರಿಷಿಣದ ಬಣ್ಣವಾಗಿವೆ, ಮೇಲೆ ಕುಂಕುಮ! ಬಿಚ್ಚಿದರೆ ಒಳಗೆಲ್ಲ ಬೂಷ್ಟು. ಬೀಜ ಕೊಳೆತು ಬೆರಳಿಗೆ ಅಂಟಿತು.

"ಇದೇನ ಮಾಡೀದಿ ಅಜ್ಜೀ!" ಎಂದು ಕೂಗಿದೆ. ಅವಳು ಗಾಬರಿಯಾಗಿ, "ನಿಮ್ಮವ್ವನ ಸಲುವಾಗಿ ದೇವಿಗೆ ಮುಡಿಪು ಕಟ್ಟೀದಿ ಅಂತ ತಿಳದಿದ್ನೆವ್ವಾ. ಬಟ್ಟ್ಯಾಗ ಗಂಟು ಹಾಕಿದ್ದು ಮುಡಿಪಲ್ಲದ ಮತ್ತೇನು? ಅದಕ್ಕ ದಿನಾ ಅರಿಷಿಣ ನೀರು ಹಾಕಿ ಕೈ ಮುಗದೇನಿ," ಅಂದಳು. ಏನೆಂದು ಬೈಯಲಿ ಹೇಳು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ.

ಅಜ್ಜಿಗೆ ಮೊಣಕಾಲು ನೋವು, ಬಗ್ಗಲಾಗುವುದಿಲ್ಲ. ಹಾಗಾಗಿ ನೆಲಕ್ಕೆ ತಾಗುವಂತಿದ್ದ ಟೊಂಗೆಯ ಒಂದು ಚೀಲ ಅವಳ ಕೈಗೆ ಸಿಕ್ಕಿರಲಿಲ್ಲ. ಕೂತಲ್ಲಿಂದಲೇ ಅದನ್ನು ಬಿಚ್ಚಿದೆ. ಒಳಗೆ ಹೂ ಗರಿಗರಿಯಾಗಿ ಒಣಗಿತ್ತು.

ಆ ಒಂದೇ ಹೂವಿನ ಬೀಜ ಇದರೊಂದಿಗಿದೆ. ಮೊದಲು ಎರಡು ಪೊಟ್ಟಣ ಕಟ್ಟಿದ್ದೆ, ನಿನಗೊಂದು, ನನಗೊಂದು. ಆಮೇಲೆ ಸಿಟ್ಟು ಬಂತು. ಅರ್ಧ ಇಟ್ಟುಕೊಂಡರೆ ಅದಕ್ಕೂ ನೀನು ಮಾತು ಎತ್ತುತ್ತೀ. ಪೂರ್ತಿ ಕಳಿಸಿದ್ದೇನೆ, ಒಂದು ಕಾಳೂ ಉಳಿಸಿಕೊಂಡಿಲ್ಲ. ಮಳೆಗಾಲಕ್ಕೆ ಹಾಕು. ಮೊಗ್ಗಿಗೆ ಚೀಲ ಕಟ್ಟು, ಮತ್ತೆ ನಿಮ್ಮ ಓಣಿಯ ಅಜ್ಜಿಯರಿಗೆ ಇದು ಮುಡಿಪಲ್ಲ ಎಂದು ಮೊದಲೇ ಹೇಳಿಡು.

ನಿನ್ನ ಮನೆ ತುಂಬಿರಲಿ, ಮಕ್ಕಳಿಗೆ ಒಳ್ಳೆಯದಾಗಲಿ. ಸಿಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಹೇಮಾ

ತಾ.ಕ.: ಹೇಳಬಾರದೆಂದೇ ಇದ್ದೆ. ಹಾಸಿಗೆ ಹಿಡಿದ ಮೇಲೆ ಅವ್ವನಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಗಂಜಿ ಕುಡಿಸಿದರೆ, ತಲೆ ಬಾಚಿದರೆ, "ವಿದ್ಯಾ, ನೀ ಬಂದಿ, ನನ್ನ ಜೀವಕ್ಕ ಹಗರಾತು," ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಒಂದು ದಿನ ತಡೆಯಲಾರದೆ, "ಅವ್ವಾ, ನಾ ಹೇಮಾ," ಅಂದೆ. ನನ್ನ ಮುಖ ನೋಡಿ, "ಯಾವ ಹೇಮಾ?" ಅಂದಳು.