ಬೆಂಚಿನಲ್ಲಿ ಉಳಿದವಳು

ಚಳ್ಳಕೆರೆ
೧೨-೩-೧೯೯೯

ಮಗಳು ದಾಕ್ಷಾಯಿಣಿಗೆ ನಿನ್ನವ್ವ ಮಾಡುವ ಆಶೀರ್ವಾದ. ಪ್ರೇಮಲತಾಳ ಮನೆಯಿಂದ ಬಂದ ಕಾಗದ ಅಂತ ಮಡಚಿ ಗೂಡಿಗೆ ತುರುಕಬೇಡ. ಪೂರ್ತಿ ಓದು. ಹೇಳುವುದು ಬಹಳ ಇದೆ, ಕೈ ನಿಲ್ಲುತ್ತಿಲ್ಲ.

ಹೋದ ಭಾನುವಾರ ನಿನ್ನ ಮಗಳು ಪ್ರೇಮಿಯ ಜೊತೆ ಚರ್ಚಿಗೆ ಹೋಗಿದ್ದೆ. ಹೌದು, ವಿಭೂತಿ ಹಚ್ಚಿಕೊಂಡೇ ಹೋಗಿದ್ದೆ, ಯಾರೂ ಒರೆಸು ಅನ್ನಲಿಲ್ಲ. ಹಾಡು ಮುಗಿದ ಮೇಲೆ ಅಲ್ಲಿಯ ಪಾದ್ರಿ ಅಯ್ಯನವರು ರೊಟ್ಟಿ, ದ್ರಾಕ್ಷಾರಸ ಇಟ್ಟು ಪ್ರಾರ್ಥನೆ ಮಾಡಿದರು. ಅದಕ್ಕೆ ಪ್ರಭುಭೋಜನ ಅನ್ನುತ್ತಾರೆ. ಜನ ಎದ್ದು ಮುಂದೆ ಅಡ್ಡ ಕಟ್ಟಿದ ಮರದ ಕಟಾಂಜನದ ಹತ್ತಿರ ಸಾಲಾಗಿ ಮಂಡಿಯೂರಿದರು. ಅವಳ ಗಂಡ ಸಮುವೇಲನೂ ಹೋದ. ಪ್ರೇಮಿ ಮಾತ್ರ ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಕೇಳಿದರೆ, "ನಂಗೆ ಕೊಡಂಗಿಲ್ಲ ಅಜ್ಜಿ, ದೀಕ್ಷಾಸ್ನಾನ ಆಗಿಲ್ಲ" ಅಂದಳು. ತಲೆಗೆ ನೀರು ಹಾಕಿ ಅವರ ಮತಕ್ಕೆ ಸೇರಿಸಿಕೊಳ್ಳುವುದಂತೆ ಅದು. ಮದುವೆಯಾದಾಗಿನಿಂದ ಹೀಗೇ ಕೂರುತ್ತಾಳಂತೆ.

ನನಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಕರೆದು ಎಲೆ ಹಾಕದವರು ಎಂಥವರು? ಅವಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಿ ಸಾಲಿನಲ್ಲಿ ಕೂತೆ. ಮಠದಲ್ಲಿ ಪ್ರಸಾದಕ್ಕೆ ಒಡ್ಡುವ ಹಾಗೆ ಬಲಗೈ ಒಡ್ಡಿದೆ. ಅಯ್ಯನವರು ಕೈ ನೋಡಿದರು, ವಿಭೂತಿ ನೋಡಿದರು. ರೊಟ್ಟಿ ಕೊಡಲಿಲ್ಲ. ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಹರಸಿ ಮುಂದೆ ಹೋದರು. ಪಕ್ಕದವರು ಬಳ್ಳಾರಿಯಿಂದ ಬಂದ ಮೆಥೊಡಿಸ್ಟ್ ಅನ್ನುವ ಬೇರೆ ಸಭೆಯವರಂತೆ, ಅವರಿಗೆ ಕೊಟ್ಟರು.

ಮುಗಿಯುವುದನ್ನೇ ಕಾದು ಅಯ್ಯನವರನ್ನು ಬಾಗಿಲಲ್ಲಿ ಹಿಡಿದೆ. "ಏನ್ರಿ ಸ್ವಾಮಿ, ಮನೆ ಸೊಸೆಗಿಲ್ಲ, ಬಳ್ಳಾರಿಯವ್ರಿಗೆ ಐತಾ?" ಅಂದೆ. ಅವರು ನಕ್ಕು, "ಯಾವ ಸಭೆಯವ್ರಾದ್ರೂ ಸರಿ ಅಜ್ಜಿ, ದೀಕ್ಷಾಸ್ನಾನ ಆಗಿ ನಂಬಿಕೆ ಒಪ್ಕೊಂಡಿರ್ಬೇಕು. ನಿಮ್ಮಲ್ಲಿ ಲಿಂಗ ಕಟ್ಟದೋರನ್ನ ಪಂಕ್ತೀಲಿ ಕೂರಿಸ್ತೀರಾ?" ಅಂದರು. ಸಮುವೇಲ ಮೊದಲ ಸಲ ನಿನ್ನ ಮನೆಗೆ ಬಂದಾಗ ನೀನು ಅವನಿಗೆ ಜಗಲಿಯಲ್ಲಿ ಎಲೆ ಹಾಕಿದ್ದು ಕಣ್ಣಿಗೆ ಬಂತು. ಪ್ರೇಮಿ ತನ್ನ ಎಲೆ ಎತ್ತಿಕೊಂಡು ಹೋಗಿ ಅವನ ಪಕ್ಕ ಕೂತಳು. ಅವತ್ತಿನಿಂದ ನಿನ್ನ ಮನೆಯ ಪಂಕ್ತಿಯೂ ಅವಳಿಗೆ ತಪ್ಪಿತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಅಯ್ಯನವರು ಇನ್ನೊಂದು ಹೇಳಿದರು. ಪಾಠವೆಲ್ಲ ಕಲಿತು, ಮನಸ್ಸೂ ಇಟ್ಟುಕೊಂಡು, ಸ್ನಾನಕ್ಕೆ ಬಾರದವಳು ಅವಳೇ ಅಂತೆ. "ನಮ್ಮವ್ವ ಎದುರಿಗೆ ನಿಂತು ಹೂಂ ಅನ್ಲಿ, ಅವತ್ತು ತಗೊಳ್ತೀನಿ" ಅಂದಿದ್ದಾಳಂತೆ. ಹಟದಲ್ಲಿ ನಿನ್ನ ಮಗಳೇ, ಅನುಮಾನವಿಲ್ಲ.

ಈಗ ಸುದ್ದಿ ಕೇಳು. ಮೊನ್ನೆ ಒಪ್ಪಿಬಿಟ್ಟಳು. ಏಪ್ರಿಲ್ ನಾಲ್ಕು, ಅವರ ಈಸ್ಟರ್ ಹಬ್ಬ. ಬೆಳಿಗ್ಗೆ ಸ್ನಾನ, ಅದಾದ ಮೇಲೆ ಸಾಲಿನಲ್ಲಿ ಗಂಡನ ಪಕ್ಕ ಕೂರುತ್ತಾಳೆ. ಬಿಳಿ ಸೀರೆಯೇ ಆಗಬೇಕಂತೆ. ಆಗಲಿ, ಮೊಳಕಾಲ್ಮೂರು ರೇಷ್ಮೆ ಆಗಬೇಕು, ಅಂಚಿಗಾದರೂ ಕೆಂಪು ಇರಬೇಕು ಅಂತ ಜಗಳ ಮಾಡಿ ಗೆದ್ದಿದ್ದೇನೆ. ನನಗೆ ಅವರ ರೊಟ್ಟಿ ಬೇಡ, ಕೊರಳಲ್ಲಿ ನನ್ನ ಲಿಂಗ ಇದೆ. ಆದರೆ ಆ ಹುಡುಗಿ ಒಂದು ಕಡೆಯಾದರೂ ಎಲ್ಲರ ಸಾಲಿನಲ್ಲಿ ಕೂರುವುದನ್ನು ನೋಡಬೇಕು.

ಇಂತಿ ನಿನ್ನ ಬಾಯಿಬಡುಕಿ ಅವ್ವ,
ಜಗದಾಂಬ

ಮೇಲೆ ಬರೆಯದೆ ಬಿಟ್ಟಿದ್ದು: ಅವಳು ಹೇಗೆ ಒಪ್ಪಿದಳು ಅಂತ ನೀನು ಕೇಳೇ ಕೇಳುತ್ತೀಯ. ನಿಮ್ಮ ರಾಂಪುರದ ಓಬಳಪ್ಪನ ಕೈಲಿ ನೀನು ಬರ್ತೀನಿ ಅಂತ ಹೇಳಿ ಕಳಿಸಿದ್ದೀಯ ಅಂತ ಸುಳ್ಳು ಹೇಳಿಬಿಟ್ಟೆ. ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹಬ್ಬದ ದಿನ ಮೊದಲ ಬಸ್ಸಿಗೇ ಬಾ. ತಲೆಗೆ ನೀರು ಹಾಕುವ ಮುಂಚೆ ಅವಳು ಬಾಗಿಲ ಕಡೆ ತಿರುಗಿ ನೋಡಿದರೆ, ಅಲ್ಲಿ ನಾನೊಬ್ಬಳೇ ನಿಂತಿರಬಾರದು.